ಎಸ್ಟಿಮೇಟು

ರಾಯಚೂರಿನ ಗಂಜ್ ಹಿಂದೆ, ಹತ್ತಿ ಮಿಲ್ಲಿನ ಗೋಡೆಗೆ ಒರಗಿ
ಹದಿನೆಂಟು ವರ್ಷ ನಿಂತೇ ಇತ್ತು ಟ್ರೇಲರು.
ಟೈರಿನೊಳಗೆ ಇಲಿ, ಬಾಗಿಲ ಸಂದಿಗೆ ಬಳ್ಳಾರಿ ಜಾಲಿ.
ಮುಳ್ಳು ಸವರಿ ಒಳಗೆ ಹೋದರೆ
ನಾಟಕ ಕಂಪನಿಯ ಕರೆಂಟೆಲ್ಲ ಒಂದೇ ಕಲ್ಲಿನ ಮೇಲೆ:
ಶಹಾಬಾದ್ ಫರ್ಸಿ, ಎರಡು ಮೊಳ ಅಗಲ,
ತೂತು ಕೊರೆದು ಕೂರಿಸಿದ ತಾಮ್ರದ ಕತ್ತಿ ಸ್ವಿಚ್ಚು,
ಪಿಂಗಾಣಿ ಕಟೌಟು, ಕರಗಿದ ಫ್ಯೂಜಿನ ಜಾಗಕ್ಕೆ
ಯಾರೋ ಸುತ್ತಿಟ್ಟ ಸಿಗರೇಟಿನ ಬೆಳ್ಳಿಕಾಗದ.

ಬೂದೆಮ್ಮ ಬಾಗಿಲಲ್ಲೇ ನಿಂತು ಕೇಳಿದಳು:
"ಇರಲೋ, ತಗದ್ ಒಗೀಲೋ? ಒಂದೇ ಮಾತ್ ಹೇಳು ಖಾಜಾ.
ಯುಗಾದಿ ಕಳದ್ರ ಮಾನ್ವ್ಯಾಗ ಮೊದಲ್ನೇ ಕ್ಯಾಂಪು."

ಶಕ್ತಿನಗರದಲ್ಲಿ ಇಪ್ಪತ್ತಾರು ವರ್ಷ ಪ್ಯಾನೆಲ್ ಮುಂದೆ ಕೂತವನು ನಾನು,
ಜಿಲ್ಲೆಗಟ್ಟಲೆ ಕತ್ತಲನ್ನು ಕೆಂಪು ಹಸಿರು ಚುಕ್ಕೆಗಳಲ್ಲಿ ಓದಿದವನು.
ಈ ಕಲ್ಲು ಓದಲು ಬರಲಿಲ್ಲ.
ನಂಬರಿಲ್ಲ. ಆಯಿಲ್ ಪೇಂಟಿನಲ್ಲಿ, ವಾರೆ ಅಕ್ಷರದಲ್ಲಿ:
ಅರಮನೆ. ಅಡವಿ. ಗೌಡರ ಪಡಸಾಲೆ. ಸುಡುಗಾಡು.
ಕೊನೆಗೆ, ಎಲ್ಲಕ್ಕಿಂತ ದೊಡ್ಡದಾಗಿ, ಬೆಳಗು.

ಬೆಳಗಿನ ವೈರು ಹಿಡಿದು ಹೋದರೆ
ಹಲಗೆಯ ಕೆಳಗೆ ಎರಡು ಉಪ್ಪಿನಕಾಯಿ ಜಾಡಿ.
ಉಪ್ಪುನೀರು ತುಂಬಿ, ಹಗ್ಗದಿಂದ ತಗಡು ಇಳಿಸಿದಂತೆ
ದೀಪ ಮೆಲ್ಲಗೆ ಏರುತ್ತದೆಂದು ಕೇಳಿದ್ದೆ, ಕಂಡಿರಲಿಲ್ಲ.
ತಳದಲ್ಲಿ ಉಪ್ಪು ಈಗಲೂ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಒಂದು ಹಿಡಿಕೆಗೆ ಹೆಸರೇ ಇರಲಿಲ್ಲ.

ಬರೆಯತೊಡಗಿದೆ. ವೈರು ಪೂರಾ ಹೊಸದು;
ಹಳೆಯದರ ರಬ್ಬರು ಮುಟ್ಟಿದರೆ ಸಜ್ಜೆ ಹಿಟ್ಟಾಗಿ ಉದುರುತ್ತದೆ.
ಅರ್ಥಿಂಗ್ ಇಲ್ಲ, ಹಾಕಬೇಕು. ಕಬ್ಬಿಣದ ಮೈ,
ಹಸಿ ನೆಲದಿಂದ ಬರಿಗಾಲ ಹುಡುಗರು ಹತ್ತುತ್ತಾರೆ.
ಕಲ್ಲಿನ ಸಾಲಿಗೆ ಬಂದಾಗ ಪೆನ್ನು ನಿಂತಿತು.
"ವೈರ್ ತಗೀತೀನಿ, ಕಲ್ಲು ಹಂಗೇ ಇರ್ಲಿ, ನೋಡಾಕ."
"ಸತ್ತ ಹಲ್ಲು ಬಾಯಾಗ ಯಾಕ?" ಅಂದಳು.
ಇಪ್ಪತ್ತು ವರ್ಷ ಸೊಸೆ, ಹತ್ತು ವರ್ಷ ಅತ್ತೆ ಪಾರ್ಟು ಮಾಡಿದ ಹೆಂಗಸು;
ಅಳುವುದು ಆಕೆಗೆ ಪಗಾರದ ಕೆಲಸ.

ದೇವಸುಗೂರಿನಿಂದ ಟಂಟಂ ಹತ್ತಿ ನರಸಪ್ಪ ಬಂದ,
ಈ ಹಿಡಿಕೆಗಳನ್ನೆಲ್ಲ ಎಳೆದವನು.
ಹೆಸರಿಲ್ಲದ್ದನ್ನು ಕಂಡು ಬೊಚ್ಚುಬಾಯಿ ಅಗಲಿಸಿ ನಕ್ಕ:
"ಅದಾ? ಟ್ಯಾಕ್ಸ್ ಸಾಹೇಬ್ರು ಬಂದ್ರ ಎಳೀತಿದ್ದೆ.
ಟಿಕೆಟ್ ಡಬ್ಬಿ ಮ್ಯಾಲ ಕೆಂಪು ಬಲ್ಬು ಹತ್ತತಿತ್ತು,
ಎರಡ್ನೇ ಪುಸ್ತಕ ಅಕ್ಕಿ ಚೀಲಕ್ಕ ಹೋಗ್ತಿತ್ತು."

ಹೈದರಾಬಾದಿನ ಡಿಮ್ಮರು ಪೆಟ್ಟಿಗೆಯ ಬಗ್ಗೆ ಹೇಳಿದೆ:
ಒಂದೇ ಗುಂಡಿ, ಎರಡು ಬೆರಳು, ಬೆಣ್ಣೆಯಂಥ ಬೆಳಗು.
"ಅದೇ ಬ್ಯಾಡ. ಇವನ ಬೆಳಗು ನಡುವ ಒಂದ್ ಸಲ ಮುಗ್ಗರಿಸ್ತಿತ್ತು.
ನಿದ್ದಿಗಣ್ಣಾಗ ಎಳೀತಿದ್ನೋ ಏನೋ.
ಅಲ್ಲೇ ನಾ ಉಸುರು ತಗೋತಿದ್ದೆ. ಆಮ್ಯಾಲ ಮಾತು."

ನರಸಪ್ಪ ಬಲ ಅಂಗೈ ಬಿಚ್ಚಿದ.
ಅಡ್ಡಕ್ಕೆ ಒಂದು ಸುಟ್ಟ ಗೆರೆ, ಹಗ್ಗದಷ್ಟೇ ದಪ್ಪ.
"ನಿದ್ದಿ ಅಲ್ಲವ್ವ," ಅಂದ. "ಹಗ್ಗ ಹಸಿ ಇರ್ತಿತ್ತು."

ಮಿಲ್ಲಿನೊಳಗೆ ಯಾರೋ ಲಾರಿಗೆ ಅಂಡಿಗೆ ಹೇರುತ್ತಿದ್ದರು, ಹೈಸಾ ಹೈಸಾ.
ಬೂದೆಮ್ಮ ಆ ಕೈಯನ್ನು ಬಾಗಿಲ ಬೆಳಕಿಗೆ ತಿರುವಿ
ಪಾರ್ಟು ಬಾಯಿಪಾಠ ಮಾಡುವವಳ ಹಾಗೆ
ಬಹಳ ಹೊತ್ತು ನೋಡಿದಳು.
"ತಗದ್ ಒಗಿ," ಅಂದಳು. "ಕಲ್ಲೂ."

ಬರೆದುಕೊಂಡೆ: ಡಿಮ್ಮರು ಒಂದು, ಎಂಸಿಬಿ ಎಂಟು,
ಅರ್ಥ್ ಸರಳು ಒಂದು, ಕೂಲಿ ಆಮೇಲೆ.

ಈಗ ಗುಂಡಿ ತಿರುವುವ ಹುಡುಗನಿಗೆ ಆಕೆ ಕಲಿಸಿದ್ದು ಇಷ್ಟೇ:
ನಡುವೆ ಒಮ್ಮೆ ನಿಲ್ಲು, ಯಾಕೆಂದು ಕೇಳಬೇಡ.
ಕಲ್ಲು ಆಕೆಯ ಹಿತ್ತಲಲ್ಲಿದೆ, ಬಟ್ಟೆ ಒಗೆಯಲು;
ತೂತುಗಳಿಂದ ನೀರು ಚೆನ್ನಾಗಿ ಇಳಿಯುತ್ತದಂತೆ.
ಸೋಪಿಗೆ ಸುಡುಗಾಡು ಮೊದಲು ಅಳಿಸಿತು.
ಅರಮನೆ ಅರ್ಧ ಇದೆ.